ಡೊಂಬಿವಲಿಯ ಖೋಲಿ ಮಾರಬೇಕೇ?

ಪತ್ರದ ಸಾರ: ಥಾಣೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. 2012ರಲ್ಲಿ ನಿವೃತ್ತಿ. ಪಿಎಫ್ ಪಿಂಚಣಿ 1,850 ರೂಪಾಯಿ, ಅಂದಿನಿಂದ ಅಷ್ಟೇ. ಅದು 7,500 ಆಗುತ್ತದಂತೆ, ನಿಜವೇ? ಇಲ್ಲವಾದರೆ ಖೋಲಿ, ಅಂದರೆ ಇಲ್ಲಿನ ನಮ್ಮ ಸಣ್ಣ ಮನೆ, ಮಾರಿ ಕುಂದಾಪುರದ ಕಡೆ ಹೋಗಿಬಿಡೋಣ ಅಂದುಕೊಂಡಿದ್ದೇವೆ.

ಸಂಪಾದಕರ ಉತ್ತರ:

ಮಾರಬೇಡಿ. 7,500 ಎನ್ನುವುದು ಪಿಂಚಣಿದಾರರ ಬೇಡಿಕೆ, ಸರ್ಕಾರದ ಆದೇಶ ಅಲ್ಲ. 2014ರಲ್ಲಿ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾಯಿತು. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಮನೆಯ ಲೆಕ್ಕ ಹಾಕಬೇಡಿ.

ನಿಮ್ಮ 1,850 ಎಲ್ಲಿಂದ ಬಂತು ಗೊತ್ತಾ? ಸಂಬಳ ಎಷ್ಟೇ ಇರಲಿ, ಆಗ ಪಿಂಚಣಿಯ ಲೆಕ್ಕಕ್ಕೆ ಹಿಡಿಯುತ್ತಿದ್ದ ಸಂಬಳದ ಮಿತಿ 6,500. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಈ ಪಿಎಫ್ ಪಿಂಚಣಿ ಯೋಜನೆ ಶುರುವಾದದ್ದೇ 1995ರ ನವೆಂಬರಿನಲ್ಲಿ. 17 ವರ್ಷಕ್ಕೆ ಸುಮಾರು 1,578. ಅದಕ್ಕಿಂತ ಹಿಂದಿನ ಸೇವೆಯದ್ದು ಅಲ್ಪಸ್ವಲ್ಪ ಸೇರಿದೆ, ಅಷ್ಟೇ. ರೈಲ್ವೆಯಿಂದ ನಿವೃತ್ತರಾದ ನಿಮ್ಮ ನೆರೆಯವರಿಗೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರುತ್ತದೆ. ನಿಮ್ಮದಕ್ಕೆ ಆ ಏಣಿಯೇ ಇಲ್ಲ. ಹಾಗಾಗಿ ಕಷ್ಟ ಹೆಚ್ಚುವುದು ನಿವೃತ್ತಿಯ ವರ್ಷದಲ್ಲಲ್ಲ, ಎಪ್ಪತ್ತೈದು ದಾಟಿದ ಮೇಲೆ.

ಮಹಾರಾಷ್ಟ್ರ ಸರ್ಕಾರದ ಶ್ರಾವಣಬಾಳ ಯೋಜನೆ ಸಿಗಬಹುದೇ ಎಂದೂ ಕೇಳಿದ್ದೀರಿ. 65 ದಾಟಿದ ಬಡವರಿಗೆ ತಿಂಗಳಿಗೆ 1,500. ಆದರೆ ಕುಟುಂಬದ ವಾರ್ಷಿಕ ಆದಾಯ 21,000 ಮೀರಬಾರದು ಎಂಬ ನಿಯಮದಲ್ಲೇ ಅದು ನಡೆದುಬಂದಿದೆ. ನಿಮ್ಮ ಪಿಂಚಣಿ ವರ್ಷಕ್ಕೆ 22,200! ಬಡವರೆನ್ನಿಸಿಕೊಳ್ಳಲು 1,200 ರೂಪಾಯಿ ಜಾಸ್ತಿ ಆಯಿತು ನೋಡಿ. ಎಪ್ಪತ್ತು ದಾಟಿದ್ದರೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾತ್ರ ಇಬ್ಬರೂ ಮಾಡಿಸಿಕೊಳ್ಳಿ, ಅದಕ್ಕೆ ಆದಾಯ ಕೇಳುವುದಿಲ್ಲ. ಆಸ್ಪತ್ರೆಗೆ ಸೇರಿದರೆ ಇಬ್ಬರಿಗೂ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಆದರೆ ದಿನಾ ನುಂಗುವ ಶುಗರ್, ಬಿಪಿ ಮಾತ್ರೆ ನಿಮ್ಮ ಕೈಯಿಂದಲೇ.

ಈಗ ಖೋಲಿಯ ಮಾತು. ನಿಮ್ಮ ಹತ್ತಿರ ಬೆಲೆಯ ಜೊತೆ ಏರುವುದು ಅದೊಂದೇ. ಊರಿಗೆ ಹೋಗುವುದಾದರೆ ಹೋಗಿ, ಖೋಲಿಯನ್ನು ಹನ್ನೊಂದು ತಿಂಗಳ ಕರಾರಿನಲ್ಲಿ ಬಾಡಿಗೆಗೆ ಕೊಡಿ. ಪ್ರತಿ ಸಲ ಕರಾರು ಹೊಸದು ಮಾಡುವಾಗ ಒಂದಿಷ್ಟು ಏರಿಸಬಹುದು. ಪಿಂಚಣಿಯ ಚಿಂತೆ ಬೇಡ, 2025ರ ಜನವರಿಯಿಂದ ಅದನ್ನು ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಡೆಯಬಹುದು. ಮಾರಿದ ದುಡ್ಡು ಮಾತ್ರ ಮಕ್ಕಳು, ಮದುವೆ, ಮನೆ ರಿಪೇರಿ ಅಂತ ಕರಗುತ್ತದೆ. ಇಲ್ಲಿ ಹೋಟೆಲುಗಳಲ್ಲಿ ದುಡಿದ ನಮ್ಮ ಊರಿನವರಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇವೆ.

ಪತ್ರದಲ್ಲಿ ನೀವು ಹೆಂಡತಿಯ ವಿಷಯ ಬರೆದೇ ಇಲ್ಲ. ನಿಮ್ಮ ನಂತರ ಅವರಿಗೆ ಸಿಗುವುದು ಅರ್ಧ. ಅರ್ಧವೆಂದರೆ 925, ಕನಿಷ್ಠದ ನಿಯಮ ಇರುವುದರಿಂದ 1,000. ನಿಮ್ಮ ಪಿಂಚಣಿ ಆದೇಶಪತ್ರದಲ್ಲಿ ಅವರ ಹೆಸರು ಆಧಾರಿನಲ್ಲಿರುವ ಹಾಗೆಯೇ ಇದೆಯೇ, ಈ ವಾರವೇ ನೋಡಿ. ಖೋಲಿ ಇರುವ ಹೌಸಿಂಗ್ ಸೊಸೈಟಿಯ ಶೇರ್ ಸರ್ಟಿಫಿಕೇಟಿನಲ್ಲೂ ಅವರ ಹೆಸರು ಸೇರಿಸಿ.