ಹ್ಯಾಂಡಿ ಸೆಟ್ ಕೋಟೆ ಮೇಲೆ ದೂರ ಕೇಳುತ್ತದೆ, ಪೇಟೆಯಲ್ಲಿ ಯಾಕೆ ಕೇಳುವುದಿಲ್ಲ?

ನಿಮ್ಮ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೊ ಸೆಟ್, ಕೆಟ್ಟಿಲ್ಲ. ಚಿತ್ರದುರ್ಗದ ಕೋಟೆ ಮೇಲೆ ಚೆನ್ನಾಗಿ ಕೇಳಿದ್ದು ಕೆಳಗೆ ಪೇಟೆಯಲ್ಲಿ ಕೇಳದಿದ್ದರೆ ಅದಕ್ಕೆ ಕಾರಣ ಎತ್ತರ, ಬ್ಯಾಟರಿ ಅಲ್ಲ.

ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ಹ್ಯಾಂಡಿಯಲ್ಲಿ ಬಳಸುವ 144–146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರವಾಗಿ ಹೋಗುತ್ತವೆ. ಭೂಮಿ ಬಾಗಿದೆ, ಜೊತೆಗೆ ಬಂಡೆ, ಕಟ್ಟಡ ಅಡ್ಡ ಬರುತ್ತವೆ. ಬಯಲಲ್ಲಿ ನಿಂತವರ ಕಣ್ಣಿಗೆ ದಿಗಂತ 4–5 ಕಿಲೋಮೀಟರ್ ದೂರ ಅಷ್ಟೇ. 100 ಮೀಟರ್ ಮೇಲೇರಿದರೆ ಸುಮಾರು 36 ಕಿಲೋಮೀಟರ್! ರೇಡಿಯೊಗೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಾಗಿ 5 ವ್ಯಾಟ್ ಸೆಟ್ ಬಿಟ್ಟು 10 ವ್ಯಾಟಿನದು ಕೊಳ್ಳುವ ಮೊದಲು ಮನೆಯ ತಾರಸಿ ಹತ್ತಿ ನೋಡಿ.

ಹೊಸಬರಿಗೆ ಕಲಿಸುವಾಗ ನಾನು ಮೊದಲು ನೋಡುವುದು ಅವರ ಕೈಯನ್ನು. ಮೊಬೈಲಿನ ಹಾಗೆ ಬಾಯಿಗೆ ಅಡ್ಡ ಹಿಡಿದಿರುತ್ತಾರೆ, ಆಂಟೆನಾ ಮಲಗಿಬಿಟ್ಟಿರುತ್ತದೆ. ಆ ಕಡೆಯವರ ಆಂಟೆನಾ ನೆಟ್ಟಗಿದ್ದರೆ ಸಿಗ್ನಲ್ ಅಲ್ಲೇ ಸೊರಗುತ್ತದೆ. ನೆಟ್ಟಗೆ ಹಿಡಿಯಿರಿ. ಮಾತಾಡುವ ಗುಂಡಿ, ಅಂದರೆ ಪಿಟಿಟಿ ಒತ್ತಿ, ಒಂದು ಸೆಕೆಂಡ್ ಬಿಟ್ಟು ಶುರು ಮಾಡಿ. ಅವಸರ ಮಾಡಿದರೆ ನಿಮ್ಮ ಕಾಲ್‌ಸೈನಿನ (ರೇಡಿಯೊದಲ್ಲಿ ನಿಮ್ಮನ್ನು ಗುರುತಿಸುವ ಅಕ್ಷರ, ಅಂಕಿಗಳ ಹೆಸರು) ಮೊದಲ 'ವಿಯು' ಯಾರಿಗೂ ಕೇಳಿಸುವುದಿಲ್ಲ.