ಕ್ರಿಮಿನಲ್ ವಕೀಲರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬಹುದೇ?

ಬೆಳಗಾವಿಯಲ್ಲಿ ಎಂಟು ವರ್ಷಗಳಿಂದ ಆರೋಪಿಗಳ ಪರ ವಾದಿಸುತ್ತಿರುವ ವಕೀಲರೊಬ್ಬರು ಸಿವಿಲ್ ನ್ಯಾಯಾಧೀಶರ ಹುದ್ದೆಯಿಂದ ಆರಂಭಿಸದೆ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬಹುದೇ ಎಂದು ಕೇಳಿದ್ದೀರಿ. ಆಗಬಹುದು. ಸಂವಿಧಾನದ 233ನೇ ವಿಧಿಯ ಪ್ರಕಾರ, ಕನಿಷ್ಠ 7 ವರ್ಷ ವಕೀಲರಾಗಿದ್ದು ಹೈಕೋರ್ಟ್‌ನ ಶಿಫಾರಸು ಪಡೆದವರನ್ನು ರಾಜ್ಯಪಾಲರು ಈ ಹುದ್ದೆಗೆ ನೇಮಿಸಬಹುದು. ಶಿಫಾರಸಿಗೆ ಮುನ್ನ ಲಿಖಿತ ಪರೀಕ್ಷೆ, ಸಂದರ್ಶನಗಳಿರುತ್ತವೆ.

ಪಾಟೀಸವಾಲಿನಲ್ಲಿ ಪಳಗಿದವರಿಗೆ ಸಾಕ್ಷಿಯ ಮಾತಿನ ತೂಕ ಬೇಗ ತಿಳಿಯುತ್ತದೆ, ನಿಜ; ಆದರೆ ಅದೇ ಪೀಠದಲ್ಲಿ ಆಸ್ತಿ ವಿಭಾಗದ ಮೇಲ್ಮನವಿ, ಭೂಸ್ವಾಧೀನದ ಪರಿಹಾರದಂಥ ಸಿವಿಲ್ ಪ್ರಕರಣಗಳೂ ಬರುವುದರಿಂದ, ಕೇವಲ ಜಾಮೀನು ಅರ್ಜಿಗಳಲ್ಲೇ ಕಾಲ ಕಳೆದವರು ಪರೀಕ್ಷೆಯಲ್ಲೇ ಎಡವುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕ್ರಿಮಿನಲ್ ಪ್ರಕರಣ ಕೇಳುವಾಗ ಸೆಷನ್ಸ್ ನ್ಯಾಯಾಧೀಶರೆನಿಸುವ ಜಿಲ್ಲಾ ನ್ಯಾಯಾಧೀಶರು ಕಾನೂನು ಅನುಮತಿಸುವ ಯಾವುದೇ ಶಿಕ್ಷೆಯನ್ನು ವಿಧಿಸಬಹುದಾದರೂ, ಮರಣದಂಡನೆ ಮಾತ್ರ ಹೈಕೋರ್ಟ್ ದೃಢೀಕರಿಸದೆ ಜಾರಿಯಾಗುವುದಿಲ್ಲ. ಹೀಗೆ ಹೈಕೋರ್ಟ್‌ಗೆ ಹೋಗುವಾಗ ಬೆಳಗಾವಿ, ಬಾಗಲಕೋಟೆಯ ಪ್ರಕರಣಗಳು ಅದರ ಧಾರವಾಡ ಪೀಠಕ್ಕೆ ಹೋದರೆ, ನೆರೆಯ ವಿಜಯಪುರದವು ಕಲಬುರಗಿ ಪೀಠಕ್ಕೆ ಹೋಗುತ್ತವೆ.

ಇನ್ನೂ ಮೇಲಿನ ಹಂತಕ್ಕೆ ಉದಾಹರಣೆ ಬೇಕಾದರೆ ನ್ಯಾಯಮೂರ್ತಿ ಉದಯ್ ಉಮೇಶ್ ಲಲಿತ್ ಅವರನ್ನು ನೋಡಬಹುದು. ಕ್ರಿಮಿನಲ್ ವಕೀಲರೆಂದೇ ಹೆಸರಾಗಿ, 2ಜಿ ತರಂಗಾಂತರ ಹಂಚಿಕೆ ಹಗರಣದ ಪ್ರಕರಣದಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರಾಗಿದ್ದ ಅವರು 2014ರಲ್ಲಿ ಯಾವ ಹೈಕೋರ್ಟ್‌ನಲ್ಲೂ ನ್ಯಾಯಮೂರ್ತಿಯಾಗದೆ ನೇರವಾಗಿ ಸುಪ್ರೀಂ ಕೋರ್ಟ್‌ಗೆ ನೇಮಕಗೊಂಡು, 2022ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. ಹಳೆಯ ವಕಾಲತ್ತು ಮಾತ್ರ ಬೆನ್ನು ಬಿಡುವುದಿಲ್ಲ: ಬಾಬರಿ ಮಸೀದಿ ಧ್ವಂಸದ ವೇಳೆ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್ ಪರ ಹಿಂದೆ ಹಾಜರಾಗಿದ್ದ ಕಾರಣಕ್ಕೆ 2019ರ ಜನವರಿಯಲ್ಲಿ ಅವರು ಅಯೋಧ್ಯೆ ಪ್ರಕರಣದ ಪೀಠದಿಂದ ಹಿಂದೆ ಸರಿದರು.