ಪುಣೆಯ ಬಾಡಿಗೆ ಮನೆಯಲ್ಲಿ ಗೆಳತಿಯರೆಲ್ಲ ಸೇರಿ ಕ್ರಿಸ್ಮಸ್ ಊಟ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು ಅಲ್ವಾ: ಕರ್ವೆ ನಗರದ ಫ್ಲ್ಯಾಟಿನಲ್ಲಿ ನಾಲ್ವರು ಹುಡುಗಿಯರು, ಪರೀಕ್ಷೆ ಇರೋದರಿಂದ ಮಂಗಳೂರಿನ ಗೆಳತಿ ಹಬ್ಬಕ್ಕೆ ಊರಿಗೆ ಹೋಗ್ತಿಲ್ಲ, ಒಬ್ಬಳು ಜೈನರ ಹುಡುಗಿ, ಇನ್ನೊಬ್ಬಳು ಸೋಲಾಪುರದ ಮರಾಠಿ ಹುಡುಗಿ, ಓವನ್ ಇಲ್ಲ, ಕೈಯಲ್ಲಿ ದುಡ್ಡೂ ಜಾಸ್ತಿ ಇಲ್ಲ. ಎಲ್ಲರೂ ಒಟ್ಟಿಗೆ ಕೂತು ತಿನ್ನುವಂಥ ಕ್ರಿಸ್ಮಸ್ ಊಟ ಹೇಗೆ ಮಾಡೋದು? ನಾನು ಧಾರವಾಡದವಳು. ಓದುವಾಗ ಕೋಥ್ರೂಡ್‌ನಲ್ಲಿ ಇಂಥದ್ದೇ ಮನೆಯಲ್ಲಿದ್ದೆ, ಅಲ್ಲೂ ಒಬ್ಬ ಮಂಗಳೂರು ಗೆಳತಿ ಇದ್ದಳು. ಆ ಅನುಭವದ ಮೇಲೆ ಹೇಳ್ತೀನಿ.

ವಿಡಿಯೋಗಳಲ್ಲಿ ತೋರಿಸುವ ಟರ್ಕಿ, ರೋಸ್ಟ್, ಪುಡ್ಡಿಂಗ್ ಎಲ್ಲ ಮೊದಲು ಬಿಟ್ಟುಬಿಡಿ. ಓವನ್ ಇಲ್ಲ ಅನ್ನೋದು ಒಂದು ಕಡೆ, ನಿಮ್ಮ ಗೆಳತಿಯ ಮನೆಯಲ್ಲಿ ಅದನ್ನು ಮಾಡೋದೂ ಅನುಮಾನ. ಊರಿನಲ್ಲಿ ಇದ್ದಿದ್ದರೆ ಏನು ತಿಂತಿದ್ದೆ ಅಂತ ಅವಳನ್ನೇ ಕೇಳಿ. ಸಣ್ಣ (ಇಡ್ಲಿಯಂಥದ್ದು), ಬಫಾತ್ (ಮಸಾಲೆಪುಡಿ ಹಾಕಿ ಮಾಡುವ ಮಾಂಸದ ಗಸಿ), ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಅಂತ ಶುರು ಮಾಡ್ತಾಳೆ ನೋಡಿ. ನಾನು ಹೇಳೋದು ಒಂದೇ: ಎಲ್ಲರ ತಟ್ಟೆಗೂ ಬೀಳುವ ಮುಖ್ಯ ಅಡುಗೆ ಸಸ್ಯಾಹಾರಿ ಆಗಿರಲಿ, ಮಾಂಸ ಬೇಕಾದವರಿಗೆ ಪಕ್ಕದಲ್ಲಿ ಒಂದು ಪಾತ್ರೆ ಇರಲಿ. ಮೂರು ಬಗೆ ಮಾಂಸ ಮಾಡಿ ಜೈನ ಹುಡುಗಿಗೆ ಸುಮ್ನೆ ಒಂದು ಪನೀರ್ ತರಿಸಿಕೊಟ್ಟರೆ ಅವಳು ಅವತ್ತು ಅತಿಥಿಯಾಗಿಬಿಡ್ತಾಳೆ, ಅವಳದೇ ಮನೆಯಲ್ಲಿ. ಮಾಂಸ ಇಲ್ಲದೆ ಎಂಥ ಹಬ್ಬ ಅಂತ ಯಾರಾದರೂ ಮೂಗು ಮುರಿದರೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಮೇರಿ ಮಾತೆಯ ಹುಟ್ಟುಹಬ್ಬ) ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಪೂರ್ತಿ ಸಸ್ಯಾಹಾರದ ಊಟ ಮಾಡ್ತಾರೆ ಅಂತ ಹೇಳಿ.

ಅದಕ್ಕೂ ಮುಂಚೆ ಬಾಡಿಗೆ ಕರಾರು ತೆಗೆದು ನೋಡಿ. ಆ ಕಡೆ ಎಷ್ಟೋ ಮಾಲೀಕರು ಮನೆಯಲ್ಲಿ ಮಾಂಸ ಬೇಯಿಸಬಾರದು ಅಂತ ಬರೆಸಿಕೊಂಡಿರ್ತಾರೆ. ಹಾಗಿದ್ದರೆ ಕದ್ದು ಮಾಡೋಕೆ ಹೋಗಬೇಡಿ, ಬಫಾತ್ ವಾಸನೆ ಮೂರು ಮಹಡಿ ಇಳಿದು ಹೋಗುತ್ತದೆ. ಪೂರ್ತಿ ಸಸ್ಯಾಹಾರ ಮಾಡಿ, ಮಾಂಸ ತಿನ್ನುವವರು ಸಂಜೆ ಪುಣೆಯ ಕ್ಯಾಂಪ್ ಪ್ರದೇಶಕ್ಕೆ ಹೋಗಿ ತಿಂದು ಬನ್ನಿ. ಸೋಲಾಪುರದವಳನ್ನೂ ಒಂದು ಮಾತು ಕೇಳಿ. ಮಾರ್ಗಶಿರದಲ್ಲಿ ಎಷ್ಟೋ ಮರಾಠಿ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ, ಗುರುವಾರ ಮಹಾಲಕ್ಷ್ಮಿ ವ್ರತ ಇರುತ್ತದೆ. ಕೆಲವು ವರ್ಷ ಅದು ಕ್ರಿಸ್ಮಸ್ ಪಕ್ಕಕ್ಕೇ ಬರುತ್ತದೆ. 2024ರಲ್ಲಿ ಕೊನೆಯ ಗುರುವಾರ ಡಿಸೆಂಬರ್ 26ಕ್ಕೆ ಬಿದ್ದಿತ್ತು.

ಈಗ ಅಡುಗೆ. ಸಣ್ಣಕ್ಕೆ ಮೂರು ಪಾಲು ಕುಚ್ಚಲಕ್ಕಿ, ಒಂದು ಪಾಲು ಉದ್ದಿನಬೇಳೆ ನೆನೆಸಿ ನುಣ್ಣಗೆ ರುಬ್ಬಿ. ಊರಲ್ಲಿ ಹುಳಿ ಬರೋಕೆ ಶೇಂದಿ ಹಾಕ್ತಾರೆ, ಪುಣೆಯಲ್ಲಿ ಅದನ್ನೆಲ್ಲಿ ಹುಡುಕ್ತೀರಿ, ಬೆಚ್ಚಗಿನ ನೀರಿಗೆ ಸಕ್ಕರೆ, ಚೂರು ಯೀಸ್ಟ್ ಹಾಕಿ ನೊರೆ ಬಂದ ಮೇಲೆ ಹಿಟ್ಟಿಗೆ ಸೇರಿಸಿ. ಡಿಸೆಂಬರ್‌ನಲ್ಲಿ ಪುಣೆಯ ಚಳಿಗೆ ಹಿಟ್ಟು ಬೇಗ ಏಳೋದಿಲ್ಲ. ಬಿಸಿನೀರು ತುಂಬಿದ ದೊಡ್ಡ ಪಾತ್ರೆಯ ಪಕ್ಕ ಇಟ್ಟು, ಮೇಲೆ ಒಂದು ಶಾಲು ಹೊದಿಸಿ. ಇಡ್ಲಿ ಪಾತ್ರೆಯಲ್ಲಿ ಒಂದೇ ಸಲಕ್ಕೆ ಹದಿನಾರು ಇಳಿಯುತ್ತವೆ, ಹಾಗಾಗಿ ಒಂದೇ ಒಲೆ ಇರುವ ಮನೆಗೆ ಇದೇ ಸರಿ. ಕಟ್ಟುನಿಟ್ಟಿನ ಜೈನರು ಯೀಸ್ಟ್, ಹುಳಿ ಬರಿಸಿದ ಹಿಟ್ಟು ತಿನ್ನುವುದಿಲ್ಲ. ಕೇಳಿ ನೋಡಿ, ಬೇಡ ಅಂದರೆ ಅವಳಿಗೆ ನೀರುದೋಸೆ ಹೊಯ್ಯಿರಿ, ಅದಕ್ಕೆ ಹುಳಿ ಬರಿಸಬೇಕಾಗಿಲ್ಲ. ಕುಚ್ಚಲಕ್ಕಿ ಹತ್ತಿರದಲ್ಲಿ ಸಿಗದಿದ್ದರೆ ರಾಸ್ತಾ ಪೇಟೆಯ ದಕ್ಷಿಣದವರ ಅಂಗಡಿಗಳಲ್ಲಿ ವಿಚಾರಿಸಿ.

ಜೊತೆಗೆ ತೊಂಡೆಕಾಯಿ ಗೋಡಂಬಿ ಪಲ್ಯ, ಬಾಳೆಕಾಯಿ ಬಫಾತ್. ಬಫಾತ್ ಪುಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸು, ಅರಿಶಿನ ಇವೇ ಮುಖ್ಯ. ಜೈನರು ತಿನ್ನದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಎಲ್ಲ ಬೇಯಿಸುವಾಗ ಬೀಳೋದು, ಹಾಗಾಗಿ ಅದೇ ಪುಡಿಯಿಂದ ಬಾಳೆಕಾಯಿಯದ್ದನ್ನು ಇವ್ಯಾವೂ ಇಲ್ಲದೆ ಮೊದಲು ಮಾಡಿ ಎತ್ತಿಡಿ, ಆಮೇಲೆ ಬೇರೆ ಪಾತ್ರೆಯಲ್ಲಿ ಕೋಳಿ. ಪುಡಿಯನ್ನು ಗೆಳತಿಯ ಅಮ್ಮ ಪುಣೆ ಬಸ್ಸಿಗೆ ಪಾರ್ಸೆಲ್ ಹಾಕಿಸಿದರೆ ಅದರ ಮುಂದೆ ಅಂಗಡಿಯದು ಏನೂ ಅಲ್ಲ. ಹಂದಿಮಾಂಸವೇ ಬೇಕು ಅಂತ ಅವಳಿಗೆ ಇರಬಹುದು, ಆದರೆ ಎಲ್ಲರೂ ಬಳಸುವ ಅಡುಗೆಮನೆಯಲ್ಲಿ ಉಳಿದವರ ಒಪ್ಪಿಗೆ ಇಲ್ಲದೆ ಬೇಡ. ಸಿಹಿಗೆ ಕಾಯಿಹಾಲು, ಬೆಲ್ಲ ಹಾಕಿದ ಹೆಸರುಬೇಳೆ ಪಾಯಸ ಸಾಕು.

ಇಷ್ಟೆಲ್ಲ ಹೇಳಿದರೂ, ನನ್ನನ್ನು ಕೇಳಿದರೆ ಹಬ್ಬ ಅನ್ನಿಸೋದು 25ರ ಊಟದಲ್ಲಿ ಅಲ್ಲ, ಒಂದು ವಾರ ಮುಂಚೆ ಕಿಡ್ಯೊ ಅನ್ನೋ ಕುಸ್ವಾರ್ ತಿಂಡಿ ಮಾಡುವ ಸಂಜೆ. ಮೈದಾ, ಚೂರು ತುಪ್ಪ, ಉಪ್ಪು, ಸಕ್ಕರೆಪುಡಿ ಹಾಕಿ ನೀರಿನ ಬದಲು ಗಟ್ಟಿ ಕಾಯಿಹಾಲಲ್ಲಿ ಕಲಸಬೇಕು. ಗೋಲಿಯಷ್ಟು ಉಂಡೆ ತೆಗೆದುಕೊಂಡು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತೋದು, ಫೋರ್ಕ್ ಇಲ್ಲದಿದ್ದರೆ ಹೊಸ ಬಾಚಣಿಗೆಯೂ ಆಗುತ್ತದೆ. ಆಮೇಲೆ ಹೊಸ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕರಿಯೋದು. ಮೊಟ್ಟೆ ಇಲ್ಲ, ಅಡುಗೆ ಬರದವರೂ ಸುತ್ತಬಹುದು, ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಇಟ್ಟರೆ ವಾರಗಟ್ಟಲೆ ಗರಿಗರಿ. ಪರೀಕ್ಷೆಗೆ ಓದ್ತಾ ಓದ್ತಾ ಸುತ್ತಬಹುದು, ಪುಸ್ತಕಕ್ಕೆ ಹಿಟ್ಟು ಮೆತ್ತುತ್ತದೆ ಅಷ್ಟೇ. ಸೋಲಾಪುರದವಳ ಕೈಗೆ ನೆವ್ರ್ಯೊ ಕೊಡಿ, ಕರಂಜಿ ಮಾಡಿ ಪಳಗಿದ ಕೈ ಅದು, ನಮ್ಮ ಕರ್ಜಿಕಾಯಿಗಿಂತ ಅಂಥ ವ್ಯತ್ಯಾಸವೇನಿಲ್ಲ.

ಕೇಕ್ ಕೊಂಡುಬಿಡಿ. ಮಾಡಲೇಬೇಕು ಅಂದರೆ ಮೊಟ್ಟೆ ಇಲ್ಲದ ಕೇಕನ್ನು ದಪ್ಪ ತಳದ ಬಾಣಲೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ದ್ರಾಕ್ಷಿ, ಚೆರಿ ನೆನೆಸೋಕೆ ರಮ್ ತರೋಣ ಅಂತ ಯಾರಾದರೂ ಹೇಳಿದರೆ ನೆನಪಿಡಿ, ಮಹಾರಾಷ್ಟ್ರದಲ್ಲಿ ಅದನ್ನು ಕೊಳ್ಳುವವರಿಗೆ 25 ವರ್ಷ ತುಂಬಿರಬೇಕು. ನಾಗ್ಪುರ ಕಿತ್ತಳೆ ರಾಶಿ ಬೀಳುವ ಕಾಲ ಅದು, ಆ ರಸದಲ್ಲೇ ನೆನೆಸಿ. 1955ರಿಂದ ಇರುವ ಕಯಾನಿ ಬೇಕರಿಗೆ ಶ್ರೂಸ್‌ಬರಿ ಬಿಸ್ಕತ್ತಿಗೆ ಹೋಗೋದಿದ್ದರೆ ಹಬ್ಬದ ಹಿಂದಿನ ದಿನ ಹೋಗಬೇಡಿ, ಸಾಲು ನೋಡಿಯೇ ಸುಸ್ತಾಗುತ್ತೀರಿ.

ಕರೆಂಟಿನ ವಿಷಯ ಒಂದಿದೆ. 2000 ವಾಟ್‌ನ ಇಂಡಕ್ಷನ್ ಒಲೆಯನ್ನು ಮಾಮೂಲಿ 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ, ಅದು ತಡೆಯೋದೇ 1400 ವಾಟ್ ಒಳಗೆ. ದೊಡ್ಡ ಪ್ಲಗ್ಗಿಗೇ ಹಾಕಿ, ಆಗ ಗೀಸರ್ ಆಫ್ ಇರಲಿ.

ಊಟ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. 24ರ ರಾತ್ರಿ ಗೆಳತಿ ಪೂಜೆಗೆ ಹೋಗ್ತಾಳೆ, ನೀವೂ ಹೋಗಿ ಬನ್ನಿ. ಕ್ವಾರ್ಟರ್ ಗೇಟ್ ಹತ್ತಿರದ ಸಿಟಿ ಚರ್ಚ್ ಪೇಶ್ವೆ ಸವಾಯಿ ಮಾಧವರಾಯರ ಕಾಲದ್ದು, 1792ರಲ್ಲಿ ಜಾಗ ಕೊಟ್ಟಿದ್ದು ಅವರೇ. ವಾಪಸ್ ಬರೋಕೆ ಗಾಡಿ ಮೊದಲೇ ಮಾತಾಡಿಟ್ಟುಕೊಳ್ಳಿ, ಆ ಹೊತ್ತಿಗೆ ಬಸ್ಸು ನಂಬಬೇಡಿ. ಬೆಳಿಗ್ಗೆ ಎಲ್ಲರೂ ತಡವಾಗಿಯೇ ಏಳ್ತೀರಿ.

ಖರ್ಚಿನಲ್ಲಿ ಅಕ್ಕಿ, ಕಾಯಿ, ಕೇಕು ನಾಲ್ವರಿಗೂ ಸಮ, ಕೋಳಿಯದು ತಿಂದವರಿಗೆ ಮಾತ್ರ. ಪಾತ್ರೆ ತೊಳೆಯೋಕೆ ಬರುವ ಮಾವಶಿಗೆ ಅವತ್ತು ರಜೆ ಕೊಡಿ, ಕಿಡ್ಯೊ ಡಬ್ಬಿ ಹಿಂದಿನ ದಿನವೇ ಅವರ ಕೈಗೆ ಹೋಗಲಿ, ಪಾತ್ರೆ ಅಡುಗೆ ಮಾಡದವರ ಪಾಲಿಗೆ.